ಮಲಗಿಸಿಟ್ಟ ಕೂಸು

ಆ ಮನೆಯ ಕರೆಗಂಟೆ ಒತ್ತಿದರೆ ಮುಂಬಾಗಿಲು ತಕ್ಷಣ ತೆರೆಯುತ್ತಿರಲಿಲ್ಲ. ಮೊದಲು ಒಳಗೆಲ್ಲೋ ಇನ್ನೊಂದು ಬಾಗಿಲು ಮುಚ್ಚಿಕೊಳ್ಳುವ ಸದ್ದು ಕೇಳುತ್ತಿತ್ತು. ಆಮೇಲೆ ಚಪ್ಪಲಿಯ ಸರಸರ, ಅಜ್ಜಿಯ "ಯಾರದು?" ಎನ್ನುವ ಗಡಸು ದನಿ, ಕೊನೆಗೆ ಚಿಲಕ. ಮೂರನೇ ಮಹಡಿಯ ಮನೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತವರಿಗೆ ಅಷ್ಟು ಹೊತ್ತು ದಣಿವಾರಿಸಿಕೊಳ್ಳಲು ಅನುಕೂಲವೇ ಆಗುತ್ತಿತ್ತು ಅನ್ನಿ. ಹಾಲಿನವನು ಬರಲಿ, ಮೀಟರ್ ಓದುವವನು ಬರಲಿ, ಪಕ್ಕದ ಮನೆಯವಳೇ ಬರಲಿ, ಎಲ್ಲರಿಗೂ ಇದೇ ಉಪಚಾರ.

ಒಳಗೆ ಮುಚ್ಚಿಕೊಳ್ಳುತ್ತಿದ್ದದ್ದು ಹಿಂದಿನ ಕೋಣೆಯ ಬಾಗಿಲು. ಅಲ್ಲಿ ಗುಂಡು ಇದ್ದಳು.

ಗುಂಡು ಆ ಮನೆಗೆ ಒಬ್ಬಳೇ ಮೊಮ್ಮಗಳು. ಹುಟ್ಟಿದಾಗ ಕೆನ್ನೆ ಉಬ್ಬಿಸಿಕೊಂಡು ದುಂಡಗಿದ್ದಳಂತೆ, ಅದಕ್ಕೇ ಆ ಹೆಸರು. ಈಗ ಐದು ತುಂಬಿದ ಹುಡುಗಿಯ ಪಕ್ಕೆಲುಬು ಎಣಿಸಬಹುದಿತ್ತು. ಹೆಸರು ಮಾತ್ರ ದಪ್ಪಗೆ ಉಳಿದುಕೊಂಡಿತ್ತು. ಹೆರಿಗೆ ಕಷ್ಟವಾಗಿ, ಮಿದುಳಿಗೆ ಉಸಿರು ಸಾಲದೆ ಪೆಟ್ಟಾದ ಮಗು. ಕುತ್ತಿಗೆ ನಿಲ್ಲದು, ಕೈಕಾಲು ಸೆಟೆದುಕೊಳ್ಳುತ್ತವೆ, ಮಾತಿಲ್ಲ. ಆದರೆ ಕಿವಿ ಬಲು ಚುರುಕು, ಕಣ್ಣು ಅದಕ್ಕಿಂತ ಚುರುಕು. ಹೊಸಬರ ದನಿ ಬಿದ್ದರೆ ಸಾಕು, ಖುಷಿಗೆ ಮೈಯೆಲ್ಲ ಬಿಗಿದು, "ಹೀ..." ಎಂದು ಮನೆಯೆಲ್ಲ ಕೇಳುವಂತೆ ನಗುವಳು. ಆ ನಗು ಹೊರಗೆ ಹೋಗದಿರಲೆಂದೇ ಬಾಗಿಲು ಹಾಕುತ್ತಿದ್ದದ್ದು.

ಯಾರಾದರೂ ಕೇಳಿದರೆ, "ಮಗು ಮಲಗಿದೆ" ಎನ್ನುವರು. ಐದು ವರ್ಷದಿಂದ ಮಲಗಿರುವ ಮಗು! ಆ ಊರಿನ ವಾಡಿಕೆಯೇ ಹಾಗೆ ಕಣ್ರೀ. ಇಂಥ ಮಗು ಹುಟ್ಟಿದ ಮನೆಯವರು ಮುಚ್ಚಿಡಬೇಕು, ಅಕ್ಕಪಕ್ಕದವರು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರಬೇಕು. ಇದಕ್ಕೆ ಅವರು ಇಟ್ಟ ಹೆಸರು ಮರ್ಯಾದೆ. ಬೆಂಕಿ ಹಾಕಬೇಕು ಅಂಥ ಮರ್ಯಾದೆಗೆ.

ಆಟದಕ್ಕ ಆ ಮನೆಗೆ ಕಾಲಿಟ್ಟದ್ದು ಗುಂಡುವಿಗೆ ಎರಡನೇ ಸಲ ನ್ಯುಮೋನಿಯಾ ಆಗಿ, ಸಾವಿನ ಬಾಯಿಂದ ಬದುಕಿ ಬಂದ ಮೇಲೆ. ಮಕ್ಕಳ ಆಸ್ಪತ್ರೆಯ ದೊಡ್ಡ ಡಾಕ್ಟರು ಕಳಿಸಿದ್ದರು. ಆಕೆಯ ನಿಜವಾದ ಹುದ್ದೆ ಆಕ್ಯುಪೇಷನಲ್ ಥೆರಪಿಸ್ಟ್. ಅಜ್ಜಿಯ ನಾಲಿಗೆಗೆ ಅದು ಹೊರಳಲಿಲ್ಲ. ಚೀಲದಿಂದ ಗಿಲಕಿ, ಸ್ಪಂಜು, ಬಣ್ಣದ ಉಂಗುರ, ಬಗೆಬಗೆಯ ಚಮಚ ಹೊರಗೆ ಬಂದದ್ದನ್ನು ಕಂಡು ಕಣ್ಣರಳಿಸಿ, "ಓಹೋ, ಆಟ ಆಡಿಸೋಕೆ ಬಂದಿದ್ದೀಯಾ? ಇದಕ್ಕೂ ಕಾಲೇಜಿದೆಯಾ ತಾಯಿ?" ಎಂದು ಕೇಳಿದಳು.

"ಇದೆ ಅಜ್ಜಿ. ನಾಲ್ಕೂವರೆ ವರ್ಷ ಓದಿದ್ದೀನಿ."

"ನಾಲ್ಕೂವರೆ ವರ್ಷ ಬರೀ ಆಟ! ಪುಣ್ಯ ಮಾಡಿದ್ದೆ ಬಿಡು."

ಅಂದಿನಿಂದ ಆಕೆ ಆಟದಕ್ಕ. ಆಕೆಗೂ ಬೇಸರವಿರಲಿಲ್ಲ. ನಿಮ್ಮ ಕೆಲಸವೇನು ಎಂದು ಗುಂಡುವಿನ ಅಮ್ಮ ಮೆಲ್ಲಗೆ ಕೇಳಿದ್ದಕ್ಕೆ, "ಉಣ್ಣೋದು, ಉಡೋದು, ಆಡೋದು. ಮಗು ದಿನಾ ಮಾಡೋ ಕೆಲಸಾನ ಅದರ ಕೈಲಿ ಆದಷ್ಟು ಅದೇ ಮಾಡ್ಕೊಳ್ಳೋ ಹಾಗೆ ಮಾಡೋದು. ಅಷ್ಟೇ" ಎಂದಿದ್ದಳು. ಅಮ್ಮ ತಲೆಯಾಡಿಸಿದಳು, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಮೊದಲ ದಿನವೇ ಆಟದಕ್ಕ, "ಮಗೂಗೆ ಹೇಗೆ ತಿನ್ನಿಸ್ತೀರಿ, ತೋರಿಸಿ" ಎಂದಳು. ಅಜ್ಜಿ ನೆಲದ ಮೇಲೆ ಕುಳಿತು ಮೊಮ್ಮಗಳನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡಳು. ತಲೆ ಹಿಂದಕ್ಕೆ ಜೋತುಬಿತ್ತು. ಬಾಯಿಗೆ ದೊಡ್ಡ ಚಮಚದಿಂದ ಗಂಜಿ ಸುರಿದಳು. ಮಗು ನುಂಗಲಿಲ್ಲ. ಅಜ್ಜಿ ಎರಡು ಬೆರಳಿನಿಂದ ಅದರ ಮೂಗು ಹಿಡಿದಳು. ಉಸಿರು ಕಟ್ಟಿದ ಮಗು ಗುಳಕ್ಕನೆ ನುಂಗಿತು. ಬೆನ್ನಲ್ಲೇ ಕೆಮ್ಮು, ಕಣ್ಣಲ್ಲಿ ನೀರು. ಕೆಮ್ಮು ನಿಲ್ಲುವುದರೊಳಗೆ ಇನ್ನೊಂದು ಚಮಚ.

ಆಟದಕ್ಕ ಅಜ್ಜಿಯ ಕೈ ತಡೆದಳು. "ಅಜ್ಜಿ, ನಿಲ್ಸಿ, ನಿಲ್ಸಿ!"

"ಯಾಕೆ? ಕೆಮ್ಮಿದ್ರೆ ಒಳ್ಳೇದು, ಕಫ ಹೊರಗೆ ಬರುತ್ತೆ. ಈ ಮನೆಯ ಅಷ್ಟೂ ಮಕ್ಕಳನ್ನ ಹೀಗೇ ಸಾಕಿದ್ದೀನಿ. ಅಲ್ಲಿ ನಿಂತಿದ್ದಾನಲ್ಲ ಇವಳಪ್ಪ, ಅವನೂ ಇದೇ ತೊಡೆ ಮೇಲೆ ಗಂಜಿ ಕುಡಿದು ಅಷ್ಟುದ್ದ ಬೆಳೆದಿದ್ದು."

ಬೈದರೆ ಕೆಲಸ ಕೆಡುತ್ತದೆ ಎಂದು ಆಟದಕ್ಕನಿಗೆ ಗೊತ್ತಿತ್ತು. ಅಡುಗೆಮನೆಯಿಂದ ಒಂದು ಲೋಟ ನೀರು ತರಿಸಿದಳು. "ಅಜ್ಜಿ, ನನಗೋಸ್ಕರ ಒಂದು ಕೆಲಸ ಮಾಡಿ. ಕತ್ತು ಹಿಂದಕ್ಕೆ ಹಾಕಿ, ಮೇಲೆ ತಿರುಗೋ ಫ್ಯಾನ್ ನೋಡ್ತಾ ಒಂದು ಗುಟುಕು ನುಂಗಿ."

"ಇದೂ ಒಂದು ಆಟವಾ?" ಎಂದು ನಗುತ್ತಲೇ ಅಜ್ಜಿ ಕತ್ತು ಹಿಂದಕ್ಕೆ ಹಾಕಿ ನೀರು ಬಾಯಿಗೆ ಬಿಟ್ಟುಕೊಂಡಳು. ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಗಾಯಿತು, ಅರ್ಧ ನೀರು ಬಟ್ಟೆಯ ಮೇಲೆ. ಬಾಗಿಲಲ್ಲಿ ನಿಂತಿದ್ದ ಚಿಕ್ಕತ್ತೆ, ಅಂದರೆ ಅಜ್ಜಿಯ ಕೊನೆಯ ಮಗಳು, ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು.

"ಕೊಲ್ತೀಯೇನೇ ನನ್ನ?" ಎಂದಳು ಅಜ್ಜಿ, ಸುಧಾರಿಸಿಕೊಂಡು.

"ನಿಮಗೆ ಗಟ್ಟಿ ಎದೆ ಇದೆ, ಕೆಮ್ಮಿ ಹೊರಗೆ ಹಾಕಿದ್ರಿ. ಇವಳಿಗೆ ಆ ಶಕ್ತಿ ಇಲ್ಲ. ಗಂಟಲಲ್ಲಿ ಅನ್ನ ಹೋಗೋ ದಾರಿ, ಉಸಿರು ಹೋಗೋ ದಾರಿ ಎರಡೂ ಅಕ್ಕಪಕ್ಕ. ಕೂತು, ಗದ್ದ ಸ್ವಲ್ಪ ಕೆಳಗಿದ್ರೆ ಅನ್ನ ತನ್ನ ದಾರಿ ಹಿಡಿಯುತ್ತೆ. ಮಲಗಿಸಿ, ತಲೆ ಹಿಂದಕ್ಕೆ ಹಾಕಿದ್ರೆ ಎದೆಗೆ ಇಳಿಯುತ್ತೆ. ಎರಡು ಸಲ ನ್ಯುಮೋನಿಯಾ ಬಂದದ್ದು ಅದರಿಂದಲೇ. ಮೂರನೇ ಸಲ ಬಂದ್ರೆ ಇವಳು ತಡೆಯೋದು ಕಷ್ಟ ಅಂತ ಡಾಕ್ಟರೇ ಹೇಳಿದ್ದಾರೆ."

ಅಜ್ಜಿ ಮೊಮ್ಮಗಳ ಬಾಯಿ ಒರೆಸಿದಳು. ಆಮೇಲೆ ಹೇಳಿದ ಮಾತು ಆಟದಕ್ಕನ ಕಿವಿಯಲ್ಲಿ ಬಹಳ ದಿನ ಉಳಿಯಿತು. "ನೀನು ಹೇಳೋದು ಸರಿ ಇರಬಹುದು ಕಣಮ್ಮ. ಆದ್ರೆ ಕೂರಿಸಿದ್ರೆ ತಲೆ ವಾಲುತ್ತೆ, ಜೊಲ್ಲು ಸುರಿಯುತ್ತೆ, ಇವಳು ಹೀಗೆ ಅಂತ ಬಂದೋರಿಗೆಲ್ಲ ಕಾಣುತ್ತೆ. ಮಲಗಿಸಿದ್ರೆ ಎಲ್ಲಾ ಮಕ್ಕಳೂ ಒಂದೇ ತರ."

ಎಂಥ ಮಾತು ನೋಡಿ! ಕೆಟ್ಟ ಹೆಂಗಸಲ್ಲ ಆಕೆ. ಗುಂಡುವಿನ ಬಟ್ಟೆ ಒಗೆಯುವವಳು, ಬೆನ್ನಿಗೆ ಎಣ್ಣೆ ತಿಕ್ಕುವವಳು, ಮಗುವಿಗೆ ಜ್ವರ ಬಂದರೆ ಊಟ ಬಿಡುವವಳು ಆಕೆಯೇ. ಪ್ರೀತಿಗೆ ಬರವಿರಲಿಲ್ಲ. ಆದರೆ ಜನರ ಕಣ್ಣಿನ ಹೆದರಿಕೆ ಆ ಪ್ರೀತಿಗಿಂತ ದೊಡ್ಡದಾಗಿತ್ತು.

ಆಟದಕ್ಕ ಬಿಡಲಿಲ್ಲ. ವಾರಕ್ಕೊಮ್ಮೆ ಬಂದಳು, ಅಮ್ಮನಿಗೆ ಕಲಿಸಿದಳು. ಸೊಂಟ ಹಿಂದಕ್ಕೆ, ಮೊಣಕಾಲು ಬಾಗಿರಬೇಕು, ಪಾದ ನೆಲ ಮುಟ್ಟಿರಬೇಕು, ಚಿಕ್ಕ ಚಮಚ, ಬಾಯಿಯಲ್ಲಿದ್ದದ್ದು ನುಂಗಿ ಮುಗಿಸುವ ತನಕ ಇನ್ನೊಂದು ತುತ್ತು ಬೇಡ, ಮೂಗು ಹಿಡಿಯುವುದಂತೂ ಇಲ್ಲವೇ ಇಲ್ಲ. ಬಡಗಿಯೊಬ್ಬನನ್ನು ಹಿಡಿದು ಪ್ಲೈವುಡ್ಡಿನ ಕುರ್ಚಿ ಮಾಡಿಸಿದಳು. ಎರಡೂ ಬದಿಗೆ ಆಸರೆ, ತಲೆಗೊಂದು ಒರಗು, ಎದೆಗೆ ಅಗಲ ಪಟ್ಟಿ, ಮುಂದೆ ಒಂದು ಹಲಗೆ. ಹಳೆಯ ಹಾಸಿಗೆಯ ಸ್ಪಂಜನ್ನು ಆಕೆಯೇ ಕತ್ತರಿಸಿ ಅಂಟಿಸಿದಳು.

ಕುರ್ಚಿಯಲ್ಲಿ ಮೊದಲ ಸಲ ಕೂರಿಸಿದ ದಿನ ಗುಂಡು ನಗಲಿಲ್ಲ, ಅಳಲೂ ಇಲ್ಲ. ಐದು ವರ್ಷ ಫ್ಯಾನು ನೋಡಿದ್ದ ಮಗು ಆವತ್ತು ಮನೆಯವರ ಮುಖಗಳನ್ನು ನೇರವಾಗಿ, ಒಂದೊಂದಾಗಿ ನೋಡಿತು. ಅಜ್ಜಿ ಎದುರಿಗೆ ಕುಳಿತವಳು ಇದ್ದಕ್ಕಿದ್ದಂತೆ, "ಅಯ್ಯೋ, ಇವಳಿಗೆ ನನ್ನ ಮೂಗು ಕಣೇ!" ಎಂದು ಕೂಗಿದಳು. "ಇಷ್ಟು ದಿನ ನನಗೆ ಗೊತ್ತೇ ಆಗಲಿಲ್ಲವಲ್ಲ!" ಮೊಮ್ಮಗಳ ಮುಖವನ್ನು ಎದುರುಬದುರಾಗಿ ನೋಡಿದ್ದೇ ಆಕೆಗೆ ಅದು ಮೊದಲ ಸಲ. ಎಲ್ಲರೂ ನಕ್ಕರು. ಅಷ್ಟರಲ್ಲಿ ಕೆಳಗಿನ ಮಹಡಿಯಲ್ಲಿ ಯಾರದೋ ದನಿ ಕೇಳಿ, ನಗುತ್ತಿದ್ದ ಅಜ್ಜಿಯೇ ಎದ್ದು ಬಾಗಿಲು ಹಾಕಿದಳು.

ದಿನ ಕಳೆದ ಹಾಗೆ ಗುಂಡುವಿನ ಕೈಗೂ ಕೆಲಸ ಬಂತು. ಚಮಚದ ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿ, ಮೊಣಕೈಗೆ ಆಟದಕ್ಕ ಮೆಲ್ಲನೆ ಆಸರೆ ಕೊಡುವಳು. ಒಂದು ಮಧ್ಯಾಹ್ನ ಚಮಚ ಎತ್ತರಕ್ಕೆ ಹೋಯಿತು, ನಡುಗಿತು, ಕೆನ್ನೆಗೆ ತಾಗಿ ಅರ್ಧ ಚೆಲ್ಲಿತು, ಉಳಿದರ್ಧ ಬಾಯಿಗೆ ಸೇರಿತು. ತನ್ನ ತುತ್ತನ್ನು ತಾನೇ ತಿಂದ ಮಗು ಬಾಯಿ ತುಂಬ ಗಂಜಿ ಇಟ್ಟುಕೊಂಡು ಹೆಮ್ಮೆಯಿಂದ ಎಲ್ಲರನ್ನೂ ನೋಡಿತು. ಅಮ್ಮ ಗೋಡೆ ಕಡೆ ತಿರುಗಿ ಬಿಕ್ಕಿದಳು. ಚಿಕ್ಕತ್ತೆ, "ಭಲೇ ನಮ್ಮ ಗುಂಡಮ್ಮ!" ಎಂದು ಚಪ್ಪಾಳೆ ತಟ್ಟಿದಳು. ಆ ಚಳಿಗಾಲದಲ್ಲಿ ಗುಂಡುವಿಗೆ ಒಂದು ಸಲವೂ ಜ್ವರ ಬರಲಿಲ್ಲ, ಕೆನ್ನೆ ಕೊಂಚ ತುಂಬಿಕೊಂಡಿತು.

ಹಾಗೇ ಬಿಟ್ಟಿದ್ದರೆ ಆ ಮಗು ಬದುಕುತ್ತಿತ್ತು. ನಡೆಯುತ್ತಿತ್ತು ಎಂದು ಯಾರೂ ಹೇಳಿರಲಿಲ್ಲ, ಮಾತಾಡುತ್ತಿತ್ತು ಎಂದೂ ಹೇಳಿರಲಿಲ್ಲ. ಆದರೆ ತನ್ನ ಕುರ್ಚಿಯಲ್ಲಿ ಕುಳಿತು, ತನ್ನ ಗಂಜಿ ತಾನು ತಿಂದು, ಬಂದವರನ್ನು ನೋಡಿ ನಗುತ್ತ ಬದುಕುತ್ತಿತ್ತು.

ಚಿಕ್ಕತ್ತೆಗೆ ಸಂಬಂಧ ಕೂಡಿಬಂತು. ಒಳ್ಳೆಯ ಮನೆತನ, ಹುಡುಗ ಇಂಜಿನಿಯರು, ತಾಯಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಆ ವಾರ ಆಟದಕ್ಕ ಬಂದಾಗ ಬಾಗಿಲು ತೆರೆದದ್ದು ಗುಂಡುವಿನ ಅಪ್ಪ. ಈತ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಊರಿನವರ ಕಣ್ಣು ಸರಿಮಾಡಿ, ಸ್ವಂತ ಮಗಳನ್ನು ಕಂಡರೆ ಕಣ್ಣು ತಪ್ಪಿಸುವ ಆಸಾಮಿ.

"ಮೇಡಂ, ಬೇಜಾರು ಮಾಡ್ಕೋಬೇಡಿ," ಎಂದ ಆತ, ನೆಲ ನೋಡುತ್ತ. "ಸ್ವಲ್ಪ ದಿನ ನೀವು ಬರದೇ ಇದ್ದರೆ ಒಳ್ಳೇದು. ನಿಮ್ಮ ಆಸ್ಪತ್ರೆ ಚೀಲ, ನಿಮ್ಮ ಗುರುತಿನ ಚೀಟಿ ನೋಡಿ ಬೀದೀಲಿ ಜನ ಕೇಳ್ತಾರೆ. ತಂಗಿ ಮಾತುಕತೆ ಮುಗೀಲಿ."

"ಕುರ್ಚಿ ಎಲ್ಲಿ?" ಆಟದಕ್ಕ ಒಳಗೆ ಬಂದವಳೇ ಕೇಳಿದಳು. ಕೋಣೆಯ ಮೂಲೆ ಖಾಲಿಯಿತ್ತು.

"ಟೆರೇಸಿನ ಮೇಲೆ ಇಟ್ಟಿದ್ದೀವಿ," ಎಂದಳು ಅಜ್ಜಿ. "ಗಂಡಿನ ಕಡೆಯೋರು ಮನೆಯೆಲ್ಲ ನೋಡ್ತೀವಿ ಅಂದ್ರೆ? ಅದನ್ನ ನೋಡಿ ಇದೇನು ಅಂತ ಕೇಳಿದ್ರೆ ಏನು ಹೇಳೋಣ?"

"ಇದ್ದದ್ದನ್ನ ಹೇಳಿ."

"ಹೇಳಿದ್ರೆ ಮುಗೀತು. ಆ ಮನೆ ರಕ್ತದಲ್ಲೇ ದೋಷ ಇದೆ, ನಾಳೆ ಇವಳ ಹೊಟ್ಟೇಲೂ ಇಂಥದ್ದೇ ಹುಟ್ಟುತ್ತೆ ಅಂತಾರೆ."

ಆಟದಕ್ಕ ಅಜ್ಜಿಯ ಪಕ್ಕದಲ್ಲೇ ಕುಳಿತಳು. "ಅಜ್ಜಿ, ಇದು ರಕ್ತದಿಂದ ಬಂದದ್ದಲ್ಲ. ಹುಟ್ಟೋವಾಗ ಉಸಿರು ಕಟ್ಟಿ ಮಿದುಳಿಗೆ ಆದ ಪೆಟ್ಟು. ಚಿಕ್ಕತ್ತೆಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಬೇಕಾದ್ರೆ ಡಾಕ್ಟರ್ ಕೈಲಿ ಹೇಳಿಸ್ತೀನಿ. ಗಂಡಿನ ತಾಯಿ ಓದಿದೋರು, ಅರ್ಥ ಮಾಡ್ಕೋತಾರೆ."

"ಓದಿದೋರೇ ಮೊದಲು ಮೂಗು ಮುರಿಯೋದು ಕಣಮ್ಮ, ನೀನಿನ್ನೂ ಚಿಕ್ಕೋಳು. ನೀನು ಹೇಳಿ ಎದ್ದು ಹೋಗ್ತೀಯ. ಆಮೇಲೆ ನನ್ನ ಮಗಳು ಈ ಮನೇಲೇ ಮುದುಕಿ ಆಗ್ಲಾ? ಈ ಮಗು ಇವತ್ತಿಗೂ ಹೀಗೇ, ನಾಳೆಗೂ ಹೀಗೇ. ಅದರ ಅದೃಷ್ಟಕ್ಕೆ ಇನ್ನೊಬ್ಬಳ ಬಾಳು ಯಾಕೆ ಹಾಳಾಗಬೇಕು?"

"ಯಾರ ಬಾಳೂ ಹಾಳಾಗೋದು ಬೇಡ. ನನಗೆ ಒಂದೇ ಒಂದು ಮಾತು ಕೊಡಿ. ಏನಾದ್ರೂ ಆಗ್ಲಿ, ಮಗೂನ ಮಲಗಿಸಿ ತಿನ್ನಿಸಬಾರದು."

ಆಕೆ ಚಿಕ್ಕತ್ತೆಯ ಕಡೆ ನೋಡಿದಳು. ಚಪ್ಪಾಳೆ ತಟ್ಟಿದ್ದ ಹುಡುಗಿ ಈಗ ತಲೆ ಎತ್ತಲಿಲ್ಲ. ಕೊನೆಗೆ ಅಮ್ಮನೇ, "ನಾನು ನೋಡ್ಕೋತೀನಿ ಅಕ್ಕ. ಕುರ್ಚಿ ಇಲ್ಲದಿದ್ರೂ ನನ್ನ ಎದೆಗೆ ಒರಗಿಸಿ ಕೂರಿಸಿಕೊಂಡೇ ತಿನ್ನಿಸ್ತೀನಿ" ಎಂದಳು. ಮನೆಯವರು ಬೇಡವೆಂದ ಮೇಲೆ ಆಟದಕ್ಕನಿಗೆ ಅಲ್ಲಿ ಕಾಲೂರುವ ಅಧಿಕಾರವಿರಲಿಲ್ಲ. ಗುಂಡುವಿನ ಕೆನ್ನೆ ತಟ್ಟಿ ಹೊರಟಳು. ಮೆಟ್ಟಿಲು ಇಳಿಯುತ್ತಿದ್ದರೂ ಮನಸ್ಸು ಇಳಿಯಲೊಲ್ಲದು. ಆಮೇಲೆ ಆಗಾಗ ಫೋನ್ ಮಾಡಿ ವಿಚಾರಿಸಿದಳು. ಚೆನ್ನಾಗಿದ್ದಾಳೆ ಅಕ್ಕ, ಮಾತು ಉಳಿಸಿಕೊಂಡಿದ್ದೀನಿ ಎಂದೇ ಅಮ್ಮ ಹೇಳಿದಳು. ಅದು ಸುಳ್ಳೂ ಆಗಿರಲಿಲ್ಲ.

ಹೆಣ್ಣು ನೋಡಲು ಬಂದ ದಿನ ನಡೆದದ್ದನ್ನು ಅಮ್ಮ ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ತಡೆ ತಡೆದು ಹೇಳಿದಳು.

ಸಂಜೆಗೆ ಬರುತ್ತೇವೆ ಎಂದವರು ಮಧ್ಯಾಹ್ನಕ್ಕೇ ಬಂದುಬಿಟ್ಟಿದ್ದರು. ಅಮ್ಮ ಇನ್ನೂ ಗುಂಡುವಿಗೆ ತಿನ್ನಿಸಿರಲಿಲ್ಲ. ಮೆಟ್ಟಿಲ ಮೇಲೆ ಹೊಸ ದನಿಗಳು ಕೇಳಿದ್ದೇ ತಡ, ಹಿಂದಿನ ಕೋಣೆಯಲ್ಲಿ ಗುಂಡು ನಗಲು ಶುರು ಮಾಡಿದಳು. ಅಪ್ಪನ ಮುಖ ಬಿಳಿಚಿಕೊಂಡಿತು. "ಅಮ್ಮಾ, ಅವಳನ್ನ ಸುಮ್ಮನಿರಿಸು!" ಎಂದ. ಹೊಟ್ಟೆ ತುಂಬಿದರೆ ನಿದ್ದೆ ಹೋಗುತ್ತದೆ ಎಂದು ಅಜ್ಜಿ ಗಂಜಿಯ ಪಾತ್ರೆ ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಸೊಸೆಗೆ ಬಂದವರ ಮುಂದೆ ಚಹಾ ಹಿಡಿಯುವ ಕೆಲಸ.

"ಟ್ರೇ ಹಿಡ್ಕೊಂಡು ನಿಂತಿದ್ದೆ ಅಕ್ಕ. ಒಳಗೆ ಕೆಮ್ಮು ಕೇಳಿಸ್ತು. ಒಂದು ಸಲ, ಎರಡು ಸಲ. ಗಂಡಿನ ತಾಯಿ, ಮನೇಲಿ ಮಕ್ಕಳಿಲ್ವಾ ಅಂತ ಕೇಳಿದ್ರು. ಇವರು, ಒಬ್ಬಳಿದ್ದಾಳೆ, ಮಲಗಿದ್ದಾಳೆ ಅಂದ್ರು. ಆಮೇಲೆ ಕೆಮ್ಮು ನಿಂತುಹೋಯ್ತು. ನಿಂತಿದ್ದಕ್ಕೆ ನನಗೆ ಇನ್ನೂ ಭಯ ಆಯ್ತು. ಆ ಟ್ರೇ ಎಸೆದು ಓಡಬೇಕಿತ್ತು. ಓಡಲಿಲ್ಲ. ಸಕ್ಕರೆ ಎಷ್ಟು ಹಾಕ್ಲಿ ಅಂತ ಕೇಳ್ತಾ ನಿಂತಿದ್ದೆ."

ಮರುದಿನ ಬೆಳಿಗ್ಗೆ ಮಗುವಿನ ಮೈ ಕೆಂಡ. ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಅದೇ ಹೊತ್ತಿಗೆ ಹುಡುಗಿ ಒಪ್ಪಿಗೆಯಾಗಿದ್ದಾಳೆ ಎಂದು ಫೋನ್ ಬಂತು. ಅವರ ಹಿರಿಯರು ಮಧ್ಯಾಹ್ನ ಮಾತು ಪಕ್ಕಾ ಮಾಡಲು ಬರುವವರಿದ್ದರು. ಮೂರು ಮಹಡಿ ಇಳಿಸಿ, ಬೀದಿಯ ನಡುವೆ ಮಗುವನ್ನು ಹೊತ್ತು ಆಟೋ ಹತ್ತಿಸಿದರೆ ಯಾರ ಕಣ್ಣಿಗೆ ಬೀಳುತ್ತದೋ! "ಅವರು ಬಂದು ಹೋಗಲಿ, ಆಮೇಲೆ ತಕ್ಷಣ ಹೋಗೋಣ" ಎಂದ ಅಪ್ಪ. ಅಮ್ಮ ಕಾಲು ಹಿಡಿದಳು. ಅಜ್ಜಿ ಒದ್ದೆ ಬಟ್ಟೆ ಹಣೆಗೆ ಹಾಕಿ, "ಜ್ವರ ಇಳಿಯುತ್ತೆ, ನೋಡ್ತಿರು" ಎಂದಳು. ಬಂದವರು ನಿಧಾನಕ್ಕೆ ತಿಂದು, ಕುಡಿದು, ನಕ್ಕು ಹೋದರು. ಬಾಗಿಲು ತೆಗೆದು ನೋಡಿದರೆ ಗುಂಡುವಿನ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ದೊಡ್ಡ ಡಾಕ್ಟರು ಆಟದಕ್ಕನನ್ನು ಕರೆಸಿ, ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಪಕ್ಕ ಬೆಳ್ಳಗಾಗಿತ್ತು. ಆಕೆ ವಾರ್ಡಿಗೆ ಓಡಿಬಂದಾಗ ಅಜ್ಜಿ ಮಂಚದ ಪಕ್ಕ ನಿಂತು, "ಯಾರದೋ ದೃಷ್ಟಿ ತಾಗಿದೆ, ದೃಷ್ಟಿಯೇ ಇದು" ಎಂದು ಗೊಣಗುತ್ತಿದ್ದಳು.

ಎಂದೂ ಅತ್ತೆಗೆ ಎದುರಾಡದ ಸೊಸೆ ಆವತ್ತು ತಿರುಗಿ ನಿಂತಳು. "ಯಾರ ದೃಷ್ಟಿ ಅತ್ತೆ? ಯಾರ ಕಣ್ಣಿಗೆ ಬೀಳೋಕೆ ಬಿಟ್ರಿ ಇವಳನ್ನ? ಒಂದು ಕಣ್ಣಾದ್ರೂ ಇವಳನ್ನ ನೋಡಿದ್ದಿದ್ರೆ ಇವಳಿಗೆ ಈ ಗತಿ ಬರ್ತಿರಲಿಲ್ಲ!"

ಅಜ್ಜಿ ಮಂಚ ಬಿಟ್ಟು ಗೋಡೆಯ ಪಕ್ಕಕ್ಕೆ ಸರಿದಳು.

ಎರಡು ದಿನ ಮಗು ಯಂತ್ರದ ಉಸಿರಿನಲ್ಲಿತ್ತು. ಆಟದಕ್ಕ ಕೆಲಸದ ನಡುನಡುವೆ ಬಂದು ಸೆಟೆದ ಆ ಪುಟ್ಟ ಬೆರಳುಗಳನ್ನು ಬಿಡಿಸಿ ತನ್ನ ಅಂಗೈಯಲ್ಲಿ ಇಟ್ಟುಕೊಳ್ಳುವಳು. ಅದರಿಂದ ಏನೂ ಪ್ರಯೋಜನವಿಲ್ಲವೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಮೂರನೆಯ ಬೆಳಿಗ್ಗೆ ನರ್ಸು ಪರದೆ ಎಳೆದಳು. ಐದು ವರ್ಷದ ಮಗು, ಬೆನ್ನು ನೆಟ್ಟಗೆ ಮಾಡಿ ಜಗತ್ತು ನೋಡಿದ್ದು ಕೆಲವೇ ತಿಂಗಳು. ಅಷ್ಟಕ್ಕೇ ಮುಗಿಯಿತು.

ನ್ಯುಮೋನಿಯಾ ಎಂದು ಆಸ್ಪತ್ರೆಯವರು ಬರೆದುಕೊಂಡರು. ಡಾಕ್ಟರುಗಳು ಅದಕ್ಕಿಂತ ಬೇರೇನು ಬರೆಯಬೇಕು ಹೇಳಿ? ನಾಲ್ಕು ಜನ ಏನೆಂದುಕೊಳ್ಳುತ್ತಾರೋ ಎಂಬ ಭಯಕ್ಕೆ ಔಷಧದ ಪುಸ್ತಕದಲ್ಲಿ ಹೆಸರಿಲ್ಲ. ಆದರೆ ಆ ಮಗುವಿನ ಎದೆಯಲ್ಲಿ ತುಂಬಿಕೊಂಡದ್ದು ಬರೀ ಗಂಜಿಯಲ್ಲ ಎಂದು ಆಟದಕ್ಕನಿಗೆ ಗೊತ್ತಿತ್ತು, ಇದನ್ನು ಓದುತ್ತಿರುವ ನಿಮಗೂ ಗೊತ್ತಿದೆ.

ಎಲ್ಲ ಮುಗಿಸಿ ಬಂದ ಮರುದಿನ ಆಟದಕ್ಕ ಅಮ್ಮನನ್ನು ನೋಡಲು ಹೋದಳು. ನಡುಮನೆಯ ತುಂಬ ಜನ. ಅಕ್ಕಪಕ್ಕದವರು, ನೆಂಟರು, ಅಂಗಡಿಯವರು. ಐದು ವರ್ಷ ಒಂದು ದಿನವೂ ಗುಂಡುವನ್ನು ನೋಡದವರೆಲ್ಲ ಗುಂಡುವಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದ: "ಚೆನ್ನಾಗೇ ಆಡ್ಕೊಂಡಿದ್ದಳು. ಇದ್ದಕ್ಕಿದ್ದ ಹಾಗೆ ಜ್ವರ." ಸತ್ತ ಮೇಲೂ ಆ ಮಗುವನ್ನು ಮುಚ್ಚಿಡುವುದು ನಿಂತಿರಲಿಲ್ಲ. ಆಟದಕ್ಕನಿಗೆ ಮೈಯೆಲ್ಲ ಉರಿದುಹೋಯಿತು, ಆದರೆ ಹಾಸಿಗೆ ಹಿಡಿದಂತೆ ಮೂಲೆಯಲ್ಲಿ ಬಿದ್ದಿದ್ದ ಅಮ್ಮನ ಮುಖ ನೋಡಿ ಸಿಟ್ಟು ನುಂಗಿಕೊಂಡಳು. ಅಜ್ಜಿ ಗೋಡೆಗೆ ಒರಗಿ, ಬಲಗೈಯನ್ನು ಮಡಿಲ ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಕುಳಿತಿದ್ದಳು. ಆಟದಕ್ಕ ಹತ್ತಿರ ಹೋದಾಗ, "ಈ ಕೈಯಿಂದಲೇ ಕಣಮ್ಮ" ಎಂದಳು.

ಅಷ್ಟರಲ್ಲಿ ಗಂಡಿನ ತಾಯಿ ಬಂದರು. ಎತ್ತರದ ಹೆಂಗಸು, ನೆಟ್ಟಗಿನ ನಡೆ, ಹೆಡ್‌ಮಿಸ್ಟ್ರೆಸ್ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ ಎದ್ದು ನಿಂತು ಪಾಠ ಶುರು ಮಾಡಿದ. "ಚೆನ್ನಾಗೇ ಇದ್ದಳು ಅಮ್ಮ, ಇದ್ದಕ್ಕಿದ್ದ ಹಾಗೆ..."

"ಸಾಕು ಅಣ್ಣ."

ಚಿಕ್ಕತ್ತೆ. ಒಳಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಇದ್ದಕ್ಕಿದ್ದ ಹಾಗೆ ಅಲ್ಲ. ನಮ್ಮ ಗುಂಡುವಿಗೆ ಕೂರೋಕೆ ಆಗ್ತಿರಲಿಲ್ಲ, ಮಾತು ಬರ್ತಿರಲಿಲ್ಲ. ಹುಟ್ಟಿದಾಗಿಂದ ಹಾಗೇ. ಅವಳಿಗೆ ಅಂತ ಒಂದು ಕುರ್ಚಿ ಇತ್ತು, ನಿಮಗೆ ಕಾಣಬಾರದು ಅಂತ ಎತ್ತಿಟ್ವಿ. ನೀವು ಬಂದ ದಿನ ಅವಳ ದನಿ ನಿಮಗೆ ಕೇಳಬಾರದು ಅಂತ ಮಲಗಿಸಿ ಗಂಜಿ ಹಾಕಿದ್ವಿ. ಅದು ಎದೆಗೆ ಹೋಯ್ತು. ಮಾರನೇ ದಿನ ನಿಮ್ಮೋರು ಬಂದು ಹೋಗ್ಲಿ ಅಂತ ಆಸ್ಪತ್ರೆಗೂ ಕರ್ಕೊಂಡು ಹೋಗ್ಲಿಲ್ಲ. ನನ್ನ ಮದುವೆಗೋಸ್ಕರ. ನಾನೂ ಬಾಯಿ ಮುಚ್ಕೊಂಡಿದ್ದೆ. ಈ ಮದುವೆ ನನಗೆ ಬೇಡ. ನೀವು ಹೋಗಬಹುದು."

"ಲೇ!" ಎಂದ ಅಪ್ಪ. ನಡುಮನೆಯಲ್ಲಿ ಗುಸುಗುಸು ಎದ್ದಿತು. ಯಾರೋ ಹಿರಿಯರು, "ದುಃಖದಲ್ಲಿ ಏನೋ ಮಾತಾಡ್ತಿದ್ದಾಳೆ, ಮನಸ್ಸಿಗೆ ಹಚ್ಕೋಬೇಡಿ ತಾಯಿ" ಎಂದು ತೇಪೆ ಹಾಕಲು ನೋಡಿದರು.

ಗಂಡಿನ ತಾಯಿ ಹೋಗಲಿಲ್ಲ, ಸಿಟ್ಟಾಗಲೂ ಇಲ್ಲ. ನಿಂತಲ್ಲೇ ಬಣ್ಣಗೆಟ್ಟಿದ್ದರು. ತರಗತಿಗಳನ್ನು ಗದರಿಸಿ ರೂಢಿಯಾದ ಆ ಗಂಟಲಿನಿಂದ ಬಹಳ ಸಣ್ಣ ದನಿ ಬಂತು.

"ಮಲಗಿಸಿ ತಿನ್ನಿಸಿದ್ರೆ... ಸಾಯ್ತಾರಾ?"

ಆಟದಕ್ಕ ಆ ಮುಖವನ್ನೇ ನೋಡಿದಳು. ಸುಮ್ಮನೆ ತಿಳಿದುಕೊಳ್ಳಲು ಕೇಳುವವರು ಹೀಗೆ ಕೇಳುವುದಿಲ್ಲ. ಎಷ್ಟೋ ಮನೆಗಳ ತಾಯಂದಿರ ಮುಖದಲ್ಲಿ ಆಕೆ ಈ ಹೆದರಿಕೆಯನ್ನು ಕಂಡಿದ್ದಳು. ಎದ್ದು ಹತ್ತಿರ ಹೋದಳು.

"ನಿಮ್ಮ ಮನೇಲಿ ಯಾರಿದ್ದಾರಮ್ಮ?"

ಆ ಹೆಂಗಸಿನ ಕಣ್ಣು ನಡುಮನೆಯಲ್ಲಿ ಕುಳಿತ ಅಷ್ಟೂ ಜನರ ಮೇಲೆ ಒಮ್ಮೆ ಹರಿಯಿತು. ನಾಳೆ ಊರಿಗೆಲ್ಲ ಸುದ್ದಿ ಮುಟ್ಟಿಸುವ ಜನ ಅವರು.

"ಅಮ್ಮಾ, ನಾನು ಮಕ್ಕಳ ಆಸ್ಪತ್ರೆಯೋಳು. ಇದೇ ನನ್ನ ಕೆಲಸ. ಹೇಳಿ."

"ಚಿಕ್ಕ ಮಗ," ಎಂದರು ಆಕೆ. "ಹತ್ತು ವರ್ಷ. ಅವನೂ... ಇವಳ ತರಾನೇ. ನೀವೆಲ್ಲಿ ಬೇಡ ಅಂತೀರೋ ಅಂತ ನಾವೂ ನಿಮಗೆ ಹೇಳಲಿಲ್ಲ." ಅಲ್ಲಿಗೆ ನೆಟ್ಟಗಿನ ಬೆನ್ನು ಬಾಗಿಹೋಯಿತು. "ಅವನಿಗೂ ಆಗಾಗ ಕೆಮ್ಮು ಬರುತ್ತೆ. ಆಗಾಗ ಜ್ವರ."

ಅಜ್ಜಿ ತಲೆ ಎತ್ತಿ ಆಕೆಯನ್ನು ನೋಡಿದಳು. ಯಾರ ಮುಂದೆ ತಲೆತಗ್ಗಿಸಬೇಕಾಗುತ್ತದೆಂದು ಹೆದರಿ ಮೊಮ್ಮಗಳನ್ನು ಬಚ್ಚಿಟ್ಟಳೋ ಅವರ ಮನೆಯಲ್ಲೂ ಬಚ್ಚಿಟ್ಟ ಒಂದು ಮಗು ಮಲಗಿತ್ತು. ಅಜ್ಜಿಯ ಗಂಟಲಿನಿಂದ ಒಂದು ಸದ್ದು ಹೊರಟಿತು. ಅಳುವೋ ಕೂಗೋ ಯಾರಿಗೂ ತಿಳಿಯಲಿಲ್ಲ.

ಆಟದಕ್ಕನಿಗೆ ಅದನ್ನೆಲ್ಲ ಕೇಳುವ ವ್ಯವಧಾನವಿರಲಿಲ್ಲ. "ಈಗ ಅವನ ಹತ್ತಿರ ಯಾರಿದ್ದಾರೆ?"

"ಕೆಲಸದವಳು. ಇದು ಅವನ ಊಟದ ಹೊತ್ತು."

"ಫೋನ್ ಮಾಡಿ. ಈಗಲೇ. 'ತಿನ್ನಿಸೋದು ನಿಲ್ಸು, ಎತ್ತಿ ಕೂರಿಸು' ಅಂತ ಹೇಳಿ."

"ಆಚೆ ಹೋಗಿ ಮಾಡ್ತೀನಿ."

"ಆಚೆ ಹೋಗೋಷ್ಟು ಹೊತ್ತಿಲ್ಲಮ್ಮ."

ಆಕೆ ಅಲ್ಲೇ ಫೋನ್ ಒತ್ತಿದರು.

"ಹಲೋ, ನಾನೇ. ಚಿಕ್ಕವನಿಗೆ ತಿನ್ನಿಸ್ತಿದ್ದೀಯಾ? ನಿಲ್ಸು... ಮೊದಲು ನಿಲ್ಸು ಅಂದೆ! ಅವನನ್ನ ಎತ್ತಿ ನಿನ್ನ ಎದೆಗೆ ಒರಗಿಸ್ಕೊಂಡು ಕೂರಿಸ್ಕೋ." ಆ ಕಡೆಯಿಂದ ಕೆಲಸದವಳು ಏನೋ ಕೇಳಿದಳು. ಗಂಡಿನ ತಾಯಿ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. ಈಗ ಅವರ ದನಿ ಶಾಲೆಯ ಅಂಗಳಕ್ಕೆ ಕೇಳುವ ದನಿಯಾಗಿತ್ತು. "ಹೌದು, ಎಲ್ಲರ ಮುಂದೇನೇ ಹೇಳ್ತಿದ್ದೀನಿ. ಕೇಳಿಸ್ಕೊಳ್ಳಲಿ. ನನ್ನ ಮಗ ಅವನು. ಎತ್ತಿ ಕೂರಿಸು."

ಆಟದಕ್ಕ ಆಗಲೇ ಚಪ್ಪಲಿ ಮೆಟ್ಟಿಕೊಂಡು ಆ ಹುಡುಗನ ಮನೆಗೆಂದು ಮೆಟ್ಟಿಲು ಇಳಿಯತೊಡಗಿದ್ದಳು.